ಕೈಮೇಲಿನ ಹಚ್ಚೆಗೆ ಗಂಡಿಗೊಂದು ನಿಯಮ, ಹೆಣ್ಣಿಗೊಂದು ನಿಯಮ ಯಾಕೆ? ಪ್ರಾಂಶುಪಾಲರಿಗೊಂದು ಬಹಿರಂಗ ಪತ್ರ

ಗೆ,
ರಾಜ್ಯದ ಪದವಿ ಕಾಲೇಜುಗಳ ಮಾನ್ಯ ಪ್ರಾಂಶುಪಾಲರು, ಆಡಳಿತ ಮಂಡಳಿಯ ಸದಸ್ಯರು ಮತ್ತು ಪ್ಲೇಸ್‌ಮೆಂಟ್ ಅಧಿಕಾರಿಗಳಿಗೆ

ವಿಷಯ: ವಿದ್ಯಾರ್ಥಿಗಳ ಹಚ್ಚೆ, ಕೂದಲು, ಓಲೆಗಳನ್ನು ಗಂಡು ಹೆಣ್ಣು ಎಂದು ಬೇರೆ ಮಾಡಿ ಅಳೆಯುವುದನ್ನು ನಿಲ್ಲಿಸುವ ಕುರಿತು

ಮಾನ್ಯರೇ,

ನಮಸ್ಕಾರ. ನಾನು ಹಳೇ ಮೈಸೂರು ಭಾಗದ ಒಂದು ಜಿಲ್ಲಾ ಕೇಂದ್ರದಲ್ಲಿ ಕಾಮರ್ಸ್ ಪಾಠ ಮಾಡುವ ಉಪನ್ಯಾಸಕಿ. ಹೊಸ ವರ್ಷದ ತರಗತಿಗಳು ಶುರುವಾಗುವ ಮುಂಚೆ ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿ ಕೈಪಿಡಿ ಅಚ್ಚಾಗುತ್ತದೆ. ಅದರಲ್ಲಿ ಶಿಸ್ತಿನ ಬಗ್ಗೆ ಒಂದು ಪುಟ ಇರುತ್ತದೆ. ಹೋದ ವರ್ಷದ ಪುಟವನ್ನೇ ಹಾಗೇ ಎತ್ತಿ ಸೇರಿಸುವುದು ರೂಢಿ. ಈ ಸಲ ಸೇರಿಸುವ ಮುಂಚೆ ಆ ಪುಟವನ್ನು ದಯವಿಟ್ಟು ಒಮ್ಮೆ ಓದಿ ನೋಡಿ. ಅದನ್ನು ಕೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ. ಯಾರನ್ನೋ ಒಬ್ಬರನ್ನು ಎಳೆದು ತಂದು ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಇಂಥದ್ದು ಬೇರೆ ಕಡೆಯೂ ನಡೆಯುತ್ತಿದೆ ಅಂತ ಗೆಳತಿಯರು ಹೇಳುತ್ತಾರೆ.

ಕ್ಯಾಂಪಸ್ ಇಂಟರ್‌ವ್ಯೂಗೆ ಮುಂಚೆ ಕೊನೇ ವರ್ಷದ ಬಿ.ಕಾಂ. ಮಕ್ಕಳಿಗೆ ತರಬೇತಿ ಇತ್ತು. ಹೊರಗಿನಿಂದ ಒಬ್ಬ ಟ್ರೇನರ್ ಬಂದಿದ್ದರು. ಹುಡುಗರನ್ನು ಒಂದು ಸಾಲು, ಹುಡುಗಿಯರನ್ನು ಒಂದು ಸಾಲು ನಿಲ್ಲಿಸಿ, ಒಬ್ಬೊಬ್ಬರನ್ನೇ ಅಡಿಯಿಂದ ಮುಡಿಯವರೆಗೆ ನೋಡುತ್ತಾ ಬಂದರು. ಒಬ್ಬ ಹುಡುಗನ ಬಲಗೈ ಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೂ ತ್ರಿಶೂಲ, ಡಮರುಗದ ಟ್ಯಾಟೂ. "ಚೆನ್ನಾಗಿದೆ. ಇಂಟರ್‌ವ್ಯೂ ದಿನ ಫುಲ್ ಶರ್ಟ್ ಹಾಕ್ಕೊಂಡು ಬಾ" ಅಂದು ಮುಂದಕ್ಕೆ ಹೋದರು. ಹುಡುಗಿಯರ ಸಾಲಿನಲ್ಲಿ ಒಬ್ಬಳ ಎಡಗೈ ಮಣಿಕಟ್ಟಿನ ಒಳಭಾಗದಲ್ಲಿ ಅವಳ ಅಮ್ಮನ ಹೆಸರಿತ್ತು. ಎರಡು ಬೆರಳಿನಷ್ಟು ಅಗಲ ಅಷ್ಟೇ. ಟ್ರೇನರ್ ಅಲ್ಲಿ ನಿಂತುಬಿಟ್ಟರು. "ಇದನ್ನ ಯಾರು ಹಾಕಿಸಿದ್ದು? ಮನೇಲಿ ಗೊತ್ತಾ? ನಾಳೆ ಮದುವೆ ಆಗೋ ಹುಡುಗಿಗೆ ಇದೆಲ್ಲ ಯಾಕೆ?" ಅಂತ ಎಲ್ಲರೆದುರಿಗೆ ಕೇಳಿದರು. ಫುಲ್ ಸ್ಲೀವ್ ಹಾಕ್ಕೊಂಡು ಬಾ ಅನ್ನುವ ಸಲಹೆ ಅವಳಿಗೂ ಸಾಕಿತ್ತು. ಅದನ್ನು ಅವಳಿಗೆ ಹೇಳಲೇ ಇಲ್ಲ.

ಅದೇ ದಿನ ಇನ್ನೊಬ್ಬ ಹುಡುಗನ ಸರದಿ ಬಂತು. ಅವನ ಕೂದಲು ಭುಜದವರೆಗಿತ್ತು, ಒಂದು ಕಿವಿಯಲ್ಲಿ ಸಣ್ಣ ಸ್ಟಡ್ ಇತ್ತು. "ನೀನು ಯಾವ ಸಾಲಲ್ಲಿ ನಿಲ್ಲಬೇಕಪ್ಪಾ?" ಅಂದರು. ಹಾಲ್ ಪೂರ್ತಿ ನಕ್ಕಿತು. ನಮ್ಮ ಸಹೋದ್ಯೋಗಿಗಳೂ ನಕ್ಕರು. ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಆ ಬ್ಯಾಚಿನಲ್ಲೇ ಅವನಷ್ಟು ಚುರುಕು ಇನ್ನೊಬ್ಬರಿಲ್ಲ. ಇಂಟರ್‌ವ್ಯೂಗೆ ಅವನು ಬರಲಿಲ್ಲ.

ಹುಡುಗಿಯ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಮನೆಯವರನ್ನು ಕರೆದುಕೊಂಡು ಬಾ ಅಂದರು. ಅವಳಿಗೆ ತಾಯಿ ಇಲ್ಲ. ಕೈಮೇಲಿನ ಹೆಸರು ಯಾಕೆ ಅಂತ ಕೇಳಿದ್ದರೆ ಇದು ಆಗಲೇ ಗೊತ್ತಾಗುತ್ತಿತ್ತು. ಅವಳನ್ನು ಸಾಕಿದ ಅಜ್ಜಿ ಹಳ್ಳಿಯಿಂದ ಬಸ್ಸು ಹತ್ತಿ ಬಂದರು. ಪ್ರಾಂಶುಪಾಲರು ಒರಟು ಮನುಷ್ಯರಲ್ಲ. ಅಜ್ಜಿಯನ್ನು ಕೂರಿಸಿ, ಮರ್ಯಾದೆಯಿಂದಲೇ ಮಾತಾಡಿದರು. "ಒಳ್ಳೇ ಮನೆತನದ ಹೆಣ್ಣುಮಕ್ಕಳು ಇದನ್ನೆಲ್ಲ ಹಾಕಿಸಲ್ಲಮ್ಮ" ಅಂದರು. ಅಜ್ಜಿಯ ಎರಡೂ ಮುಂಗೈ ತುಂಬ ಹಚ್ಚೆ ಇತ್ತು. ತುಳಸಿ ಕಟ್ಟೆ, ಚೇಳು, ಸಾಲು ಸಾಲು ಚುಕ್ಕಿ. ಆ ಮಾತು ಕೇಳಿ ಅವರು ಸೆರಗನ್ನು ಕೈಮೇಲೆ ಎಳೆದುಕೊಂಡರು. ಹುಡುಗಿಯಿಂದ ತಪ್ಪೊಪ್ಪಿಗೆ ಪತ್ರ ಬರೆಸಿಕೊಂಡು, ಅದಕ್ಕೆ ಅಜ್ಜಿಯ ಹೆಬ್ಬೆಟ್ಟು ಹಾಕಿಸಿಕೊಂಡು ಕಳಿಸಿದರು. ಆ ಪತ್ರ ಇವತ್ತಿಗೂ ಆಫೀಸಿನ ಫೈಲಿನಲ್ಲಿದೆ.

ಆಮೇಲೆ ಸ್ಟಾಫ್ ರೂಮಿನಲ್ಲಿ ಅಜ್ಜಿಯನ್ನು ಕೂರಿಸಿ ಮಾತಾಡಿಸಿದೆ. ಅವರು ಚಿಕ್ಕವರಿದ್ದಾಗ ಸುಗ್ಗಿ ಮುಗಿದ ಮೇಲೆ ಕೊರವಂಜಿ ಊರಿಗೆ ಬರುತ್ತಿದ್ದಳಂತೆ. ದೀಪದ ಮಸಿಗೆ ಸೊಪ್ಪಿನ ರಸ ಕಲಸಿ, ಸೂಜಿಗಳನ್ನು ಒಟ್ಟಿಗೆ ಕಟ್ಟಿ ಚುಚ್ಚುತ್ತಿದ್ದಳಂತೆ. ಇವರು ಅತ್ತು ಕೊಸರಾಡಿದಾಗ ಚಿಕ್ಕಮ್ಮಂದಿರು ಇಬ್ಬರು ಹಿಡಿದುಕೊಂಡರಂತೆ. ಮುಗಿದ ಮೇಲೆ ಅರಿಶಿನ ಬಳಿದರು. ಕೊರವಂಜಿಗೆ ಮೊರದ ತುಂಬ ರಾಗಿ ಮತ್ತು ಒಂದು ಹಳೇ ಸೀರೆ ಕೊಟ್ಟರು. ಹಚ್ಚೆ ಇಲ್ಲದ ಬರಿಗೈಯಲ್ಲಿ ಹುಡುಗಿ ಗಂಡನ ಮನೆಗೆ ಹೋದರೆ ಆಡಿಕೊಳ್ಳುತ್ತಿದ್ದರು ಅಂತ ಹೇಳಿದರು. "ಸತ್ತಾಗ ಒಡವೆ ಎಲ್ಲ ಬಿಚ್ಕೋತಾರೆ, ಇದೊಂದೇ ಜೊತೇಲಿ ಬರೋದು ಕಣವ್ವ" ಅಂದರು.

ಹಚ್ಚೆ ನಮ್ಮ ಸಂಪ್ರದಾಯ, ಅದಕ್ಕೇ ಒಪ್ಪಿಕೊಳ್ಳಿ ಅಂತ ನಾನು ವಾದ ಮಾಡುವುದಿಲ್ಲ. ಹಾಗೆ ಮಾಡುವುದು ಸುಲಭ. ಆದರೆ ಅಜ್ಜಿ ಅಳುತ್ತಿದ್ದರು, ಇಬ್ಬರು ಹಿಡಿದುಕೊಂಡಿದ್ದರು. ಆ ಹಚ್ಚೆ ಅವರ ಆಯ್ಕೆ ಆಗಿರಲಿಲ್ಲ. ಆಗ ಹೆಣ್ಣಿಗೆ ಹಚ್ಚೆ ಇರಲೇಬೇಕು ಅಂದರು. ಈಗ ಹೆಣ್ಣಿಗೆ ಹಚ್ಚೆ ಇರಲೇಬಾರದು ಅನ್ನುತ್ತಾರೆ. ಎರಡು ತಲೆಮಾರಿನಲ್ಲಿ ನಿಯಮ ಪೂರ್ತಿ ತಿರುಗಿ ನಿಂತಿದೆ. ಹೆಣ್ಣಿನ ಕೈ ಹೇಗಿರಬೇಕು ಅಂತ ಬೇರೆಯವರು ತೀರ್ಮಾನ ಮಾಡುವುದು ಮಾತ್ರ ಹಾಗೇ ಇದೆ. ಆ ಮೊಮ್ಮಗಳು ತನ್ನ ಕೈಮೇಲೆ ಏನಿರಬೇಕು ಅಂತ ತಾನೇ ಯೋಚನೆ ಮಾಡಿದಳು. ಹದಿನೆಂಟು ದಾಟಿದ, ಮತ ಹಾಕುವ ಹುಡುಗಿ. ನನಗೆ ಮುಖ್ಯ ಅನ್ನಿಸುವುದು ಇದು.

ಗಂಡಸು ಹೀಗಿರಬೇಕು ಅನ್ನುವುದೂ ಅಷ್ಟೇ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಗೌಡರು, ಯಜಮಾನರು ಕಿವಿಗೆ ಹತ್ತಕಡಕು ಹಾಕಿಕೊಂಡೇ ಪಂಚಾಯ್ತಿಗೆ ಕೂರುತ್ತಿದ್ದರು. ಮೈಸೂರಿನ ಮಹಾರಾಜರ ಭಾವಚಿತ್ರಗಳಲ್ಲಿ ಕಿವಿಯ ಆಭರಣ ಕಾಣುತ್ತದೆ. ಬೇಲೂರು, ಹಳೇಬೀಡಿನ ಶಿಲ್ಪಗಳಲ್ಲಿ ಗಂಡಸರ ಮೈಮೇಲೂ ಒಡವೆ ಇದೆ. ನಮ್ಮ ತಾತಂದಿರ ತಾತಂದಿರು ಜುಟ್ಟು ಬಿಟ್ಟವರೇ ಅಲ್ವಾ? ಬೆಂಗಳೂರಿನ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರುವ ಅರ್ಚಕರು ಸೀರೆ ಉಟ್ಟು, ಬಳೆ ತೊಟ್ಟು, ಕುಂಕುಮ ಇಟ್ಟು, ಮಲ್ಲಿಗೆ ಮುಡಿದು ಬರುತ್ತಾರೆ. ಜನ ಬೆಳಗಿನ ಜಾವದವರೆಗೆ ಕಾದು ಕೈಮುಗಿಯುತ್ತಾರೆ. ಕರಾವಳಿಯಲ್ಲಿ ಯಕ್ಷಗಾನದ ಸ್ತ್ರೀವೇಷ ಕಟ್ಟುವ ಗಂಡಸರಿಗೆ ದೊಡ್ಡ ಹೆಸರಿದೆ. ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರು ನಮ್ಮ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಇಡೀ ರಾಜ್ಯ ಹೆಮ್ಮೆಪಟ್ಟಿತು. ಅಂಥವರನ್ನು ಕಾಲೇಜಿನ ಸಮಾರಂಭಗಳಿಗೆ ಅತಿಥಿಯಾಗಿ ಕರೆದು ಶಾಲು ಹೊದಿಸುತ್ತೇವೆ. ಅದೇ ಕಾಲೇಜಿನ ಹುಡುಗನೊಬ್ಬ ಕಿವಿಗೆ ಸ್ಟಡ್ ಹಾಕಿದರೆ ಎಲ್ಲರೆದುರು ನಗುತ್ತೇವೆ. ಇದು ಸರಿಯಾ?

ಇಲ್ಲಿ ಕಾನೂನಿನ ಮಾತನ್ನೂ ಹೇಳಬೇಕು. 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮನುಷ್ಯ ತನ್ನ ಉಡುಪು, ಮಾತು, ನಡವಳಿಕೆಯ ಮೂಲಕ ತನ್ನ ಲಿಂಗ ಗುರುತನ್ನು ತೋರಿಸಿಕೊಳ್ಳುವುದು ಸಂವಿಧಾನದ 19ನೇ ವಿಧಿ ಕೊಟ್ಟಿರುವ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದಿತು. ಆ ಪ್ರಕರಣ ಟ್ರಾನ್ಸ್‌ಜೆಂಡರ್ ಜನರದ್ದು. ಅವರೂ ನಮ್ಮ ತರಗತಿಗಳಲ್ಲಿ ಕೂತಿದ್ದಾರೆ. ಎಷ್ಟೋ ಮಕ್ಕಳು ಹೇಳಿಕೊಳ್ಳದೆ ಕೂತಿದ್ದಾರೆ. "ನೀನು ಯಾವ ಸಾಲು" ಅಂತ ತಮಾಷೆಗೆ ಕೇಳಿದ ಪ್ರಶ್ನೆ ಅವರಲ್ಲಿ ಒಬ್ಬರಿಗೆ ಎಷ್ಟು ನೋವು ಕೊಡಬಹುದು ಅಂತ ಯೋಚನೆ ಮಾಡಿ. 2023ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶರಿಗೂ ವಕೀಲರಿಗೂ ಒಂದು ಕೈಪಿಡಿ ಹೊರತಂದಿತು. ಹೆಣ್ಣಿನ ಉಡುಪು ನೋಡಿ ಅವಳ ನಡತೆ ಹೀಗೇ ಅಂತ ಊಹಿಸುವುದು ತಪ್ಪು ಅಂತ ಅದು ತಿಳಿಸಿ ಹೇಳುತ್ತದೆ. ನ್ಯಾಯಾಧೀಶರೇ ಈ ಅಭ್ಯಾಸ ಬಿಡಬೇಕು ಅಂತ ದೇಶದ ದೊಡ್ಡ ಕೋರ್ಟ್ ಹೇಳುತ್ತಿರುವಾಗ, ಮೇಷ್ಟ್ರುಗಳಾದ ನಾವು ಬಿಡಬಾರದಾ?

ಇನ್ನೊಂದು ವಿಷಯ ನಿಮಗೆಲ್ಲ ಚೆನ್ನಾಗಿ ಗೊತ್ತಿರುತ್ತದೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ರ‍್ಯಾಗಿಂಗ್ ವಿರೋಧಿ ನಿಯಮಕ್ಕೆ 2016ರಲ್ಲಿ ತಿದ್ದುಪಡಿ ಬಂತು. ಜಾತಿ, ಧರ್ಮ, ಬಣ್ಣ, ಲಿಂಗದ ಜೊತೆಗೆ ರೂಪ ಅಥವಾ ವೇಷದ ಕಾರಣಕ್ಕೆ ಒಬ್ಬ ವಿದ್ಯಾರ್ಥಿಯನ್ನು ಹಿಂಸಿಸುವುದು, ದೂರ ಇಡುವುದು ಕೂಡ ರ‍್ಯಾಗಿಂಗ್ ಅಂತ ಅದರಲ್ಲಿ ಸೇರಿತು. ವರ್ಷದ ಶುರುವಿನಲ್ಲಿ, ರ‍್ಯಾಗಿಂಗ್ ಮಾಡುವುದಿಲ್ಲ ಅಂತ ಮಕ್ಕಳಿಂದ ಅಫಿಡವಿಟ್ ತೆಗೆದುಕೊಳ್ಳುವವರು ನಾವೇ. ಸೀನಿಯರ್ ಹುಡುಗ ಆ ಉದ್ದ ಕೂದಲಿನವನನ್ನು "ಯಾವ ಸಾಲು" ಅಂತ ಕೇಳಿದ್ದರೆ ಅವನ ಮೇಲೆ ಕ್ರಮ ಆಗುತ್ತಿತ್ತು. ಅದೇ ಪ್ರಶ್ನೆಯನ್ನು ವೇದಿಕೆ ಮೇಲಿಂದ ದೊಡ್ಡವರು ಕೇಳಿದರೆ ಅದು ಹೇಗೆ ಶಿಸ್ತಾಗುತ್ತದೆ? ನನಗೆ ಅರ್ಥವಾಗುತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಉತ್ತರ ಕೊಟ್ಟರೆ ಕೇಳಲು ಸಿದ್ಧಳಿದ್ದೇನೆ.

"ನಾವೇನು ಮಾಡೋಣ ಮೇಡಂ, ಕಂಪನಿಗಳು ಕೇಳುತ್ತವೆ, ಮಕ್ಕಳಿಗೆ ಕೆಲಸ ಸಿಗಬೇಡವಾ?" ಅಂತ ಪ್ಲೇಸ್‌ಮೆಂಟ್ ಅಧಿಕಾರಿಯೊಬ್ಬರು ನನ್ನನ್ನು ಕೇಳಿದರು. ಈ ಮಾತಿನಲ್ಲಿ ಕಾಳಜಿ ಇದೆ, ತಳ್ಳಿಹಾಕುವುದಿಲ್ಲ. ಕೆಲವು ಕೆಲಸಗಳಿಗೆ ಟ್ಯಾಟೂ ಅಡ್ಡಿಯಾಗುವುದು ನಿಜ. ಅದಕ್ಕೆ ಒಂದು ಒಳ್ಳೆಯ ಉದಾಹರಣೆಯನ್ನೇ ಕೊಡುತ್ತೇನೆ. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಗಳ ನೇಮಕಾತಿಯಲ್ಲಿ ಟ್ಯಾಟೂ ಬಗ್ಗೆ ಬರೆದಿಟ್ಟ ನಿಯಮ ಇದೆ. ಮುಂಗೈ ಒಳಭಾಗದಲ್ಲಿ, ಅದೂ ಎಡಗೈಯಲ್ಲಿ, ಇಲ್ಲವೇ ಅಂಗೈ ಹಿಂಭಾಗದಲ್ಲಿ ಇದ್ದರೆ ಆಗಬಹುದು. ಬಲಗೈ ಸೆಲ್ಯೂಟ್ ಹೊಡೆಯುವ ಕೈ, ಅದಕ್ಕೆ ಎಡಗೈ. ಅಳತೆ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ದೇವರ ಚಿತ್ರ, ಧಾರ್ಮಿಕ ಗುರುತು, ಹೆಸರು ಇವಕ್ಕೆ ಅಭ್ಯಂತರ ಇಲ್ಲ. ನಿಯಮ ನೋಡುವುದು ಜಾಗ, ಅಳತೆ, ಏನು ಬರೆಸಿದ್ದಾರೆ ಅನ್ನುವುದನ್ನು. ಬರೆಸಿದವರು ಗಂಡೋ ಹೆಣ್ಣೋ ಅನ್ನುವುದರ ಮೇಲೆ ಅಳತೆ ಬದಲಾಗುವುದಿಲ್ಲ.

ಈ ಅಳತೆಯನ್ನು ನಮ್ಮ ಹಾಲ್‌ನಲ್ಲಿದ್ದ ಇಬ್ಬರಿಗೂ ಹಾಕಿ ನೋಡಿ. ಎಡಗೈ ಒಳಭಾಗದಲ್ಲಿ ಅಮ್ಮನ ಹೆಸರು ಬರೆಸಿದ ಹುಡುಗಿಯ ಟ್ಯಾಟೂ ಪಾಸಾಗುತ್ತದೆ. ಬಲಗೈ ತುಂಬ ಬರೆಸಿಕೊಂಡ ಹುಡುಗನದು ಆಗುವುದಿಲ್ಲ. ಅಂದಮೇಲೆ ಆ ದಿನ ನಿಜವಾಗಿ ಎಚ್ಚರಿಕೆ ಬೇಕಾಗಿದ್ದದ್ದು ಹುಡುಗನಿಗೆ. ಪೊಲೀಸ್ ಕೆಲಸ, ಸೇನೆ ಅಂತ ಕನಸು ಕಾಣುವ ಹುಡುಗರು ನಮ್ಮ ಜಿಲ್ಲೆಗಳಲ್ಲಿ ಜಾಸ್ತಿ. ಅವನಿಗೆ ಆ ಆಸೆ ಇತ್ತೋ ಏನೋ, ಯಾರೂ ಕೇಳಲಿಲ್ಲ. ಬರೀ "ಚೆನ್ನಾಗಿದೆ" ಅಂದು ಕಳಿಸಿದೆವು. ಹೆಣ್ಣಿಗೆ ಅವಮಾನ ಮಾಡುವ ಭರದಲ್ಲಿ ಗಂಡಿಗೂ ಮೋಸ ಮಾಡಿದ ಹಾಗಾಯಿತು.

ಆರೋಗ್ಯದ ಕಡೆಯಿಂದಲೂ ಇದೇ ಕಥೆ. ಟ್ಯಾಟೂ ಬಗ್ಗೆ ಮಕ್ಕಳಿಗೆ ಹೇಳಬೇಕಾದ ವಿಷಯ ಬೇಕಾದಷ್ಟಿದೆ. ಜಾತ್ರೆಯಲ್ಲಿ ನೆಲದ ಮೇಲೆ ಕೂತು ಒಂದೇ ಸೂಜಿಯಲ್ಲಿ ಹತ್ತಾರು ಜನರಿಗೆ ಚುಚ್ಚುತ್ತಾರೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಇವೆಲ್ಲ ರಕ್ತ ತಗುಲಿದ ಸೂಜಿಯಿಂದ ಹರಡಬಹುದು. ಪ್ರತಿಯೊಬ್ಬರಿಗೂ ಹೊಸ ಸೂಜಿ, ಶಾಯಿಗೆ ಬೇರೆ ಬಟ್ಟಲು, ಕೈಗೆ ಗ್ಲೌಸ್ ಇರಬೇಕು. ಶಾಯಿಯಲ್ಲಿ ಭಾರಲೋಹಗಳು ಇರುವ ವಿಷಯವನ್ನು ನಮ್ಮ ರಾಜ್ಯದ ಆರೋಗ್ಯ ಇಲಾಖೆಯೇ 2025ರಲ್ಲಿ ಎತ್ತಿ, ನಿಯಮ ಬೇಕು ಅಂತ ಹೇಳಿತು. ಟ್ಯಾಟೂ ಹಾಕಿಸಿದ ಮೇಲೆ ಒಂದು ವರ್ಷ ರಕ್ತದಾನ ಮಾಡುವ ಹಾಗಿಲ್ಲ. ನಮ್ಮ ಎನ್‌ಎಸ್‌ಎಸ್ ಶಿಬಿರಗಳಲ್ಲಿ ಇದು ಗೊತ್ತಿಲ್ಲದೆ ಸಾಲಿನಲ್ಲಿ ನಿಂತು ವಾಪಸ್ ಹೋಗುವ ಮಕ್ಕಳನ್ನು ನೋಡಿದ್ದೇನೆ. ಬೇಡ ಅನ್ನಿಸಿದರೆ ಲೇಸರ್‌ನಲ್ಲಿ ತೆಗೆಸಬಹುದು ಅಂತ ಹುಡುಗರು ಸಲೀಸಾಗಿ ಹೇಳುತ್ತಾರೆ. ಅದಕ್ಕೆ ಹಲವು ಸಲ ಹೋಗಬೇಕು, ನೋವಾಗುತ್ತದೆ, ಹಾಕಿಸಿದ್ದಕ್ಕಿಂತ ಜಾಸ್ತಿ ದುಡ್ಡು ಖರ್ಚಾಗಬಹುದು, ಆದರೂ ಕಲೆ ಉಳಿಯಬಹುದು. ಇದನ್ನೆಲ್ಲ ಒಬ್ಬ ಡಾಕ್ಟರ್ ಬಂದು ಅರ್ಧ ಗಂಟೆ ಹೇಳಿದರೆ ಎಷ್ಟೋ ಮಕ್ಕಳು ತಾವಾಗಿಯೇ ಎರಡು ಸಲ ಯೋಚಿಸುತ್ತಾರೆ. ಸೂಜಿಗೆ ಗಂಡು ಹೆಣ್ಣು ಅನ್ನುವ ಭೇದ ಇಲ್ಲ. ಆದರೆ ನಮ್ಮ ಬುದ್ಧಿಮಾತೆಲ್ಲ ಹುಡುಗಿಯರ ಮದುವೆಯ ಸುತ್ತಲೇ ಸುತ್ತುತ್ತದೆ.

ಮದುವೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಒಂದು ಡಿಗ್ರಿ ಕಾಲೇಜಿಗೂ ವಿದ್ಯಾರ್ಥಿನಿಯ ಮದುವೆಗೂ ಏನೂ ಸಂಬಂಧ ಇಲ್ಲ. ಅವಳು ಫೀಸು ಕಟ್ಟಿರುವುದು ಓದಲಿಕ್ಕೆ. ಮುಂದೆ ಅವಳನ್ನು ನೋಡಲು ಬರುವ ಮನೆಯವರು ಏನನ್ನುತ್ತಾರೋ ಅಂತ ಈಗಲೇ ಅವಳನ್ನು ತಿದ್ದುವ ಕೆಲಸವನ್ನು ಯಾರೂ ನಮಗೆ ಒಪ್ಪಿಸಿಲ್ಲ.

ಯೂನಿಫಾರ್ಮ್ ಬೇಡ ಅಂತ ನಾನು ಹೇಳುತ್ತಿಲ್ಲ. ಲ್ಯಾಬಿನಲ್ಲಿ ಕೂದಲು ಕಟ್ಟಬೇಕು, ಯಂತ್ರದ ಹತ್ತಿರ ಸಡಿಲ ಬಟ್ಟೆ ಬೇಡ, ಅಡುಗೆ ವಿಭಾಗದಲ್ಲಿ ಉಗುರು ಕತ್ತರಿಸಿರಬೇಕು. ಇವೆಲ್ಲ ಸರಿಯಾದ ನಿಯಮಗಳು. ಯಾಕೆ ಅಂತ ಕೇಳಿದರೆ ತಕ್ಷಣ ಉತ್ತರ ಇದೆ. ಉದ್ದ ಕೂದಲು ಅಪಾಯ ಅಂದರೆ ಅದು ಹುಡುಗನದ್ದಾದರೂ ಹುಡುಗಿಯದ್ದಾದರೂ ಅಪಾಯವೇ, ಇಬ್ಬರೂ ಕಟ್ಟಲಿ. ಅಷ್ಟಕ್ಕೆ ಮುಗಿಯಿತು.

ಆದ್ದರಿಂದ ನನ್ನ ಬೇಡಿಕೆಗಳು ದೊಡ್ಡವೇನಲ್ಲ. ಕೈಪಿಡಿಯ ಆ ಪುಟದಲ್ಲಿ 'ಹುಡುಗರಿಗೆ', 'ಹುಡುಗಿಯರಿಗೆ' ಅಂತ ಎರಡು ಪಟ್ಟಿ ಇದ್ದರೆ ಒಂದೇ ಪಟ್ಟಿ ಮಾಡಿ. ಪ್ರತಿ ನಿಯಮದ ಪಕ್ಕದಲ್ಲಿ ಅದು ಯಾಕೆ ಬೇಕು ಅಂತ ಒಂದು ಸಾಲು ಬರೆಯಿರಿ. ಕಾರಣ ಬರೆಯಲಾಗದ ನಿಯಮ ಇದ್ದರೆ ತೆಗೆದುಹಾಕಿ. ಹೊರಗಿನಿಂದ ಟ್ರೇನರ್‌ಗಳನ್ನು ಕರೆಸುವಾಗ, ಮಕ್ಕಳ ಮೈ, ಮದುವೆ, ನಡತೆ ಬಗ್ಗೆ ಮಾತಾಡಬಾರದು ಅಂತ ಮುಂಚೆಯೇ ಬರೆದು ತಿಳಿಸಿ. ಯಾವ ಕಂಪನಿ ಏನು ಕೇಳುತ್ತದೆ, ಯಾವ ಸರ್ಕಾರಿ ನೇಮಕಾತಿಯಲ್ಲಿ ಟ್ಯಾಟೂಗೆ ಏನು ನಿಯಮ ಇದೆ ಅನ್ನುವುದನ್ನು ಮೊದಲ ವರ್ಷದಲ್ಲೇ ಎಲ್ಲರಿಗೂ ಹೇಳಿ. ಕೊನೇ ವರ್ಷದಲ್ಲಿ ಬೈದರೆ ಆಗಲೇ ಚುಚ್ಚಿಸಿಕೊಂಡ ಹುಡುಗ ಏನು ಮಾಡಬೇಕು? ವರ್ಷಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕರೆಸಿ ಸೂಜಿ, ಶಾಯಿ, ಸೋಂಕಿನ ಬಗ್ಗೆ ಹೇಳಿಸಿ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಹೇಳಿಸಿ. ಒಬ್ಬ ವಿದ್ಯಾರ್ಥಿಯ ವೇಷದ ಬಗ್ಗೆ ಮಾತಾಡಲೇಬೇಕಾದರೆ ಕೋಣೆಗೆ ಕರೆದು ಮಾತಾಡಿ. ಹದಿನೆಂಟು ದಾಟಿದವರ ಟ್ಯಾಟೂ ವಿಷಯಕ್ಕೆ ಮನೆಯವರನ್ನು ಕರೆಸುವುದನ್ನು ಬಿಡಿ. ದಿನದ ಕೂಲಿ ಬಿಟ್ಟು ಬಸ್ಸಿನಲ್ಲಿ ಬರುವ ಜನ ಅವರು.

ನಿಯಮದ ಕರಡು ಅಚ್ಚಿಗೆ ಹೋಗುವ ಮುಂಚೆ ನೋಟಿಸ್ ಬೋರ್ಡಿಗೆ ಹಾಕಿ, ಮಕ್ಕಳ ಅಭಿಪ್ರಾಯ ಕೇಳಿ ಅನ್ನುವುದೂ ನನ್ನ ಕೋರಿಕೆ. ಕರಡು ಬರೆಯಲು ಯಾವ ಕಾಲೇಜು ಕರೆದರೂ ನಾನು ಬಂದು ಕೂರುತ್ತೇನೆ. ನನ್ನ ಹಾಗೆ ಯೋಚಿಸುವ ಉಪನ್ಯಾಸಕರು ಸಾಕಷ್ಟು ಜನ ಇದ್ದಾರೆ. ಇಲ್ಲಿವರೆಗೆ ಸ್ಟಾಫ್ ರೂಮಿನಲ್ಲಿ ಮಾತಾಡಿ ಸುಮ್ಮನಾಗುತ್ತಿದ್ದೆವು, ಇನ್ನು ಸುಮ್ಮನಿರುವುದು ಬೇಡ ಅನ್ನಿಸಿದ್ದಕ್ಕೆ ಇದನ್ನು ಬಹಿರಂಗವಾಗಿ ಬರೆದಿದ್ದೇನೆ.

ಕೊನೆಯದಾಗಿ, ಹಚ್ಚೆ, ಕೂದಲು, ಓಲೆ ಅಂತ ಮಕ್ಕಳಿಂದ ಬರೆಸಿಕೊಂಡ ತಪ್ಪೊಪ್ಪಿಗೆ ಪತ್ರಗಳು ನಿಮ್ಮ ಆಫೀಸಿನ ಫೈಲುಗಳಲ್ಲಿ ಇದ್ದರೆ ಅವನ್ನು ಹುಡುಕಿಸಿ. ಟಿ.ಸಿ., ಅಂಕಪಟ್ಟಿ ಕೊಡುವ ಮುಂಚೆ ಬರೆದವರ ಕೈಗೇ ವಾಪಸ್ ಕೊಡಿ. ಆ ಅಜ್ಜಿಯ ಹೆಬ್ಬೆಟ್ಟು ಇರುವ ಪತ್ರವನ್ನು ವಾಪಸ್ ಕೊಡಿ ಅಂತ ನಾನು ನಮ್ಮ ಕಾಲೇಜಿಗೆ ಅರ್ಜಿ ಕೊಟ್ಟಿದ್ದೇನೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ವಂದನೆಗಳೊಂದಿಗೆ,

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಕಾಮರ್ಸ್ ಉಪನ್ಯಾಸಕಿ